ಮಕ್ಕಳ ರಕ್ಷಣೆ ಓದೋರಿಗೆ ಸರ್ಕಾರ ದುಡ್ಡು ಕೊಡ್ತದಾ? ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ನಮ್ಮದು ಶಿರಸಿ ಹತ್ತಿರ ಹಳ್ಳಿ, ಎರಡೆಕರೆ ಅಡಿಕೆ ತೋಟ. ಮಗಳು ಬಿಎ ಮುಗಿಸಿ ಈಗ ಎಂಎಸ್‌ಡಬ್ಲ್ಯೂ, ಅಂದ್ರೆ ಸಮಾಜಕಾರ್ಯದ ಪಿಜಿ ಮಾಡ್ತೇನೆ, ಮಕ್ಕಳ ರಕ್ಷಣೆ ಕೆಲಸಕ್ಕೇ ಹೋಗ್ತೇನೆ ಅಂತ ಹಠ ಹಿಡಿದಿದಾಳೆ. ನನ್ನ ಅಕ್ಕನ ಮಗಳು ಕ್ಯಾಲಿಫೋರ್ನಿಯಾದಲ್ಲಿದ್ದಾಳೆ, ಅಲ್ಲಿ ಇದೇ ಓದಿಗೆ ಸರ್ಕಾರನೇ ಸ್ಟೈಪೆಂಡ್ ಕೊಟ್ಟು ಓದಿಸ್ತದೆ ಅಂತ ಫೋನಲ್ಲಿ ಹೇಳಿದ್ಲು. ಹೌದಾ? ನಮ್ಮಲ್ಲಿ ಅಂಥದ್ದು ಇದ್ರೆ ಎಲ್ಲಿ ಅರ್ಜಿ ಹಾಕೋದು?

ಉತ್ತರ: ನಿಮ್ಮ ಅಕ್ಕನ ಮಗಳು ಹೇಳಿದ್ದು ಸತ್ಯ ಅಕ್ಕಾ. ಆದರೆ ಫೋನಲ್ಲಿ ಅರ್ಧ ಹೇಳಿದ್ದಾಳೆ, ಉಳಿದರ್ಧ ನಾನು ಹೇಳ್ತೇನೆ.

ಅಮೆರಿಕದಲ್ಲಿ 1980ರಲ್ಲಿ ಜಿಮ್ಮಿ ಕಾರ್ಟರ್ ಅಧ್ಯಕ್ಷರಾಗಿದ್ದಾಗ ದತ್ತು ನೆರವು ಮತ್ತು ಮಕ್ಕಳ ಕಲ್ಯಾಣದ ಒಂದು ಕಾಯ್ದೆ ಬಂತು, ಅದರಿಂದ ಅಲ್ಲಿನ ಸೋಶಿಯಲ್ ಸೆಕ್ಯೂರಿಟಿ ಕಾಯ್ದೆಗೆ ಟೈಟಲ್ ಫೋರ್-ಇ ಅನ್ನೋ ಭಾಗ ಸೇರಿತು. ಮನೆಯಲ್ಲಿ ಇರಲಿಕ್ಕಾಗದ ಮಕ್ಕಳನ್ನ ಬೇರೆ ಕುಟುಂಬದಲ್ಲಿಟ್ಟು ಸಾಕೋ ಖರ್ಚು, ದತ್ತು ತಗೊಂಡವರಿಗೆ ಕೊಡೋ ನೆರವು, ಇವೆಲ್ಲ ಅದರಲ್ಲಿ ಬರ್ತವೆ. ಅದರ ಜೊತೆಗೇ ಇನ್ನೊಂದು ಬಾಬ್ತು ಇದೆ, ಈ ಕೆಲಸ ಮಾಡೋ ಸಿಬ್ಬಂದಿಗೂ, ಈ ಕೆಲಸಕ್ಕೆ ಅಂತಲೇ ತಯಾರಾಗ್ತಿರೋ ವಿದ್ಯಾರ್ಥಿಗಳಿಗೂ ತರಬೇತಿ ಕೊಟ್ಟರೆ ಆ ಖರ್ಚಲ್ಲಿ ನೂರಕ್ಕೆ 75 ಕೇಂದ್ರ ಭರಿಸ್ತದೆ, 25 ರಾಜ್ಯದ ಕಡೆಯಿಂದ ಬರಬೇಕು. ಬರೇ ಆಡಳಿತದ ಖರ್ಚಿಗಾದ್ರೆ ಕೇಂದ್ರ ಕೊಡೋದು 50 ಅಷ್ಟೇ, ಅಂದ್ರೆ ತರಬೇತಿಗೆ ಬೇಕಂತಲೇ ಜಾಸ್ತಿ ಇಟ್ಟಿದಾರೆ. ಫೀಸು, ಪುಸ್ತಕ, ಸ್ಟೈಪೆಂಡ್ ಎಲ್ಲ ಇದರಿಂದ ಬರ್ತದೆ. ಕ್ಯಾಲಿಫೋರ್ನಿಯಾದಲ್ಲಿ 1990ರಿಂದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಕಾಲ್‌ಸ್ವೆಕ್ ಅನ್ನೋ ಕೇಂದ್ರ ಇದೆ, ಆ ರಾಜ್ಯದ ಬೇರೆ ಬೇರೆ ಕಾಲೇಜುಗಳ ಎಂಎಸ್‌ಡಬ್ಲ್ಯೂ ವಿದ್ಯಾರ್ಥಿಗಳಿಗೆ ಈ ದುಡ್ಡು ಹೋಗೋದು ಅದರ ಮೂಲಕ.

ಈಗ ಆ ಉಳಿದರ್ಧ. ಇದು ಸ್ಕಾಲರ್‌ಶಿಪ್ ಅಲ್ಲ, ಬಾಂಡ್. ಎರಡು ವರ್ಷ ಸ್ಟೈಪೆಂಡ್ ತಗೊಂಡ್ರೆ ಓದು ಮುಗಿದ ಮೇಲೆ ಎರಡು ವರ್ಷ ಸರ್ಕಾರಿ ಮಕ್ಕಳ ಕಲ್ಯಾಣ ಇಲಾಖೆಯಲ್ಲೇ ದುಡೀಬೇಕು, ಮಧ್ಯೆ ಬಿಟ್ಟು ಆಸ್ಪತ್ರೆಗೋ ಪ್ರೈವೇಟ್ ಕೌನ್ಸೆಲಿಂಗಿಗೋ ಹೋದ್ರೆ ತಗೊಂಡ ದುಡ್ಡು ವಾಪಸ್ ಕಟ್ಟಬೇಕು. ನಮ್ಮಲ್ಲಿ ಡಾಕ್ಟರು ಓದಿದವರಿಗೆ ಕಡ್ಡಾಯ ಸರ್ಕಾರಿ ಸೇವೆ ಅಂತ 2012ರಲ್ಲಿ ಕಾಯ್ದೆ ಬಂತಲ್ಲ, ಆ ಜಾತಿಯದ್ದೇ, ಆದರೆ ಅಲ್ಲಿ ಮೊದಲು ದುಡ್ಡು ಕೊಟ್ಟು ಆಮೇಲೆ ಕಟ್ಟಿಹಾಕ್ತಾರೆ.

ನಮ್ಮಲ್ಲಿ ಇದೆಯಾ ಅಂದ್ರೆ, ಮಕ್ಕಳ ರಕ್ಷಣೆ ಕೆಲಸಕ್ಕೆ ಬರ್ತೇನೆ ಅಂತ ಬರೆದುಕೊಟ್ಟ ಎಂಎಸ್‌ಡಬ್ಲ್ಯೂ ವಿದ್ಯಾರ್ಥಿಗೆ ದುಡ್ಡು ಕೊಟ್ಟು ಓದಿಸೋ ಅಂಥ ಸ್ಕೀಮ್ ಇಲ್ಲ. ಮಕ್ಕಳ ರಕ್ಷಣೆಗೆ ಅಂತ ಕೇಂದ್ರದ ಮಿಷನ್ ವಾತ್ಸಲ್ಯ ಸ್ಕೀಮ್ ಇದೆ, 2009ರಲ್ಲಿ ಐಸಿಪಿಎಸ್ (ಸಮಗ್ರ ಮಕ್ಕಳ ರಕ್ಷಣಾ ಯೋಜನೆ) ಅಂತ ಶುರುವಾಗಿದ್ದೇ ಹೆಸರು ಬದಲಾಗ್ತಾ ಬಂದು ಈಗ ವಾತ್ಸಲ್ಯ ಆಗಿದೆ, ನಮ್ಮ ರಾಜ್ಯಕ್ಕೆ ಕೇಂದ್ರ 60 ರಾಜ್ಯ 40 ಲೆಕ್ಕದಲ್ಲಿ ದುಡ್ಡು ಬರ್ತದೆ. ಅದರಲ್ಲೂ ತರಬೇತಿ ಅಂತ ಬಾಬ್ತು ಇದೆ, ಆದರೆ ಅದು ಆಗಲೇ ಕೆಲಸಕ್ಕೆ ಸೇರಿದವರಿಗೆ. ಅಮೆರಿಕದವರು ಕೆಲಸಕ್ಕೆ ಬರೋ ಮೊದಲು ಖರ್ಚು ಮಾಡ್ತಾರೆ, ನಾವು ಬಂದ ಮೇಲೆ ಎರಡು ದಿನದ ವರ್ಕ್‌ಶಾಪ್, ಒಂದು ಫೈಲು, ಒಂದು ಬ್ಯಾಗು.

ಹಂಗಂತ ಮಗಳನ್ನ ಮನೇಲಿ ಕೂರಿಸಬೇಡಿ. ಬೇರೆ ಬೇರೆ ಕಡೆಯಿಂದ ಒಟ್ಟು ಮಾಡಿದ್ರೆ ಫೀಸಿನ ದೊಡ್ಡ ಭಾಗ ಏಳ್ತದೆ. ತೋಟದ ಪಹಣಿ ನಿಮ್ಮ ಯಜಮಾನರ ಹೆಸರಲ್ಲಿದ್ದು ಅವರ ಫ್ರೂಟ್ಸ್ ಐಡಿ (ರೈತರ ನೋಂದಣಿ ನಂಬರು) ಆಗಿದ್ರೆ ಮುಖ್ಯಮಂತ್ರಿ ರೈತ ವಿದ್ಯಾನಿಧಿ ಇದೆ, ಪಿಜಿ ಓದೋ ಹುಡುಗೀರಿಗೆ ವರ್ಷಕ್ಕೆ 11,000, ಹುಡುಗರಿಗೆ 10,000 ಅಂತ ನಿಗದಿ. ಇಲ್ಲಿ ಶಿರಸಿ ಸಿದ್ದಾಪುರ ಕಡೆ ಆಗೋ ಮುಖ್ಯ ತೊಂದರೆ ಏನಂದ್ರೆ ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇರ್ತದೆ, ಇಲ್ಲ ನಾಲ್ಕು ಜನ ಅಣ್ಣತಮ್ಮಂದಿರ ಜಂಟಿ ಹೆಸರಲ್ಲಿರ್ತದೆ, ಪೌತಿ ಖಾತೆ, ಅಂದ್ರೆ ತೀರಿಹೋದವರ ಹೆಸರಿಂದ ವಾರಸುದಾರರ ಹೆಸರಿಗೆ ಬದಲಾವಣೆ, ಆಗಿರೋದಿಲ್ಲ, ಆಗ ಫ್ರೂಟ್ಸ್ ಐಡಿಗೆ ತೊಡಕಾಗಬಹುದು. ಅಡ್ಮಿಶನ್ ಆದ ಮೇಲೆ ಓಡಾಡೋ ಬದಲು ಈಗಲೇ ನಾಡಕಚೇರಿಗೆ ಹೋಗಿ ಅದನ್ನ ಸರಿ ಮಾಡಿಸ್ಕೊಳ್ಳಿ. ಹಿಂದುಳಿದ ವರ್ಗದವರಾದ್ರೆ ವಿದ್ಯಾಸಿರಿ, ಹಾಸ್ಟೆಲ್ ಸೀಟು ಸಿಗದಿದ್ದವರಿಗೆ ಊಟ ವಸತಿಗೆ ತಿಂಗಳಿಗಿಷ್ಟು ಅಂತ ಹತ್ತು ತಿಂಗಳು ದುಡ್ಡು ಬರ್ತದೆ. ಎಸ್ಸಿ ಎಸ್ಟಿ ಮಕ್ಕಳಿಗೆ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ ಇದೆ. ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಸಿದ್ದಿ ಸಮುದಾಯ 2003ರಲ್ಲಿ ಎಸ್ಟಿ ಪಟ್ಟಿಗೆ ಸೇರಿದೆ, ಆ ಮನೆಯ ಮಕ್ಕಳು ಯಾರಾದ್ರೂ ಓದೋರಿದ್ರೆ ಇದನ್ನ ದಯವಿಟ್ಟು ಹೇಳಿ. ಇಲ್ಲಿವರೆಗೆ ಹೇಳಿದ ಎಲ್ಲ ಅರ್ಜಿಯೂ ಎಸ್‌ಎಸ್‌ಪಿ, ಅಂದ್ರೆ ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲೇ.

ಇವೆಲ್ಲಕ್ಕಿಂತ ದೊಡ್ಡದು ಯುಜಿಸಿಯ ಪಿಜಿ ನ್ಯಾಷನಲ್ ಸ್ಕಾಲರ್‌ಶಿಪ್, ತಿಂಗಳಿಗೆ 15,000, ವರ್ಷಕ್ಕೆ ಹತ್ತು ತಿಂಗಳು, ದೇಶಕ್ಕೆಲ್ಲ ಸೇರಿ 10,000 ಜನಕ್ಕೆ, ಅದರಲ್ಲಿ 30 ಪರ್ಸೆಂಟ್ ಹುಡುಗೀರಿಗೆ. ಮೊದಲ ವರ್ಷದಲ್ಲೇ ಹಾಕಬೇಕು, ರೆಗ್ಯುಲರ್ ಕೋರ್ಸೇ ಆಗಿರಬೇಕು, ದೂರಶಿಕ್ಷಣದಲ್ಲಿ ಎಂಎಸ್‌ಡಬ್ಲ್ಯೂ ಮಾಡಿದ್ರೆ ಸಿಗೋದಿಲ್ಲ. ಡಿಗ್ರಿ ಮಾರ್ಕ್ಸ್ ಚೆನ್ನಾಗಿದ್ರೆ ಇದನ್ನ ಬಿಡಲೇಬೇಡಿ. ನಮ್ಮ ಜಿಲ್ಲೆಯ ಮಕ್ಕಳು ಸುಮಾರು ಜನ ಇಂಥದ್ದೊಂದಿದೆ ಅಂತ ಗೊತ್ತಿಲ್ದೇ ತಪ್ಪಿಸ್ಕೊಳ್ತಾರೆ, ಗೊತ್ತಾಗೋ ಹೊತ್ತಿಗೆ ಎರಡನೇ ವರ್ಷ ಆಗಿರ್ತದೆ.

ಕಾಲೇಜು ಯಾವುದು ಅಂತ ನೀವು ಕೇಳಿಲ್ಲ, ಆದರೂ ಹೇಳ್ತೇನೆ. ಘಟ್ಟದ ಮೇಲಿನವರಿಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಹತ್ತಿರ, ಕರಾವಳಿಯವರಿಗೆ ಮಂಗಳೂರಿನ ರೋಶನಿ ನಿಲಯ, 1960ರಿಂದ ಸೋಶಿಯಲ್ ವರ್ಕ್ ಕಲಿಸ್ತಿರೋ ಜಾಗ. ಧಾರವಾಡ ಸರ್ಕಾರಿ ಯೂನಿವರ್ಸಿಟಿ, ಫೀಸು ಹಗುರ. ಎಲ್ಲೇ ಹೋದ್ರೂ ಅಡ್ಮಿಶನ್ ಮೊದಲು ಒಂದು ಮಾತು ಕೇಳಿ, ಫೀಲ್ಡ್ ವರ್ಕಿಗೆ ಮಕ್ಕಳ ಕಲ್ಯಾಣ ಸಮಿತಿ, ಬಾಲಮಂದಿರ ಇಂಥ ಕಡೆ ಕಳಿಸ್ತೀರಾ ಅಂತ. ಕಟ್ಟಡ, ಲೈಬ್ರರಿ ಎಲ್ಲ ಆಮೇಲೆ ನೋಡಿದ್ರಾಯ್ತು.

ಪ್ರಶ್ನೆ: ಸರ್, ನಾನು ಕಾರವಾರದವನು, ಎಂಎಸ್‌ಡಬ್ಲ್ಯೂ ಮೊದಲ ವರ್ಷ. ವಾರಕ್ಕೆ ಎರಡು ದಿನ ಫೀಲ್ಡ್ ವರ್ಕ್, ಮಕ್ಕಳ ರಕ್ಷಣೆಗೆ ಸಂಬಂಧಪಟ್ಟ ಆಫೀಸಲ್ಲಿ ಹಾಕಿದಾರೆ. ಬಸ್ ಚಾರ್ಜು, ಊಟ ಎಲ್ಲ ನಮ್ದೇ. ಜೊತೆಗಿರೋ ಹುಡುಗೀರಿಗೆ ಶಕ್ತಿ ಯೋಜನೆ ಇದೆ, ನಮಗದೂ ಇಲ್ಲ. ಅಲ್ಲಿ ಮಾಡೋದು ಬರೇ ಜೆರಾಕ್ಸ್, ಫೈಲ್ ಜೋಡಿಸೋದು. ನಾಳೆ ಕೆಲಸ ಸಿಕ್ಕಿದ್ರೂ ಕಾಂಟ್ರ್ಯಾಕ್ಟ್. ಇದಕ್ಕೆ ಎರಡು ವರ್ಷ ಎಂತಕ್ಕೆ ಹಾಳು ಮಾಡ್ಕೊಳ್ಳೋದು?

ಉತ್ತರ: ನಿಮ್ಮ ಸಿಟ್ಟು ನ್ಯಾಯವೇ ತಮ್ಮಾ, ಸಮಾಧಾನ ಹೇಳಲಿಕ್ಕೆ ಹೋಗೋದಿಲ್ಲ. ಮೊದಲು ಸಂಬಳದ ಲೆಕ್ಕ ತಗೊಳ್ಳಿ. ಮಿಷನ್ ವಾತ್ಸಲ್ಯ ಮಾರ್ಗಸೂಚಿ ಪ್ರಕಾರ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಸೋಶಿಯಲ್ ವರ್ಕರಿಗೆ ತಿಂಗಳಿಗೆ 18,536, ಕೌನ್ಸೆಲರಿಗೂ ಅಷ್ಟೇ, ರಕ್ಷಣಾಧಿಕಾರಿಗೆ 27,804, ಔಟ್‌ರೀಚ್ ವರ್ಕರಿಗೆ 10,592. ಘಟಕಕ್ಕೆ ಸೋಶಿಯಲ್ ವರ್ಕರು ಇಬ್ಬರು, ಔಟ್‌ರೀಚ್ ಇಬ್ಬರು. ನಮ್ಮ ಜಿಲ್ಲೆ ಎಂಥದ್ದು ಅಂತ ನಿಮಗೆ ಗೊತ್ತು, ಹನ್ನೆರಡು ತಾಲೂಕು, ಭಟ್ಕಳದಲ್ಲಿ ಒಂದು ಕೇಸು, ಜೋಯಿಡಾದಲ್ಲಿ ಒಂದು ಕೇಸು ಅಂದ್ರೆ ಇಡೀ ದಿನ ಬಸ್ಸಲ್ಲೇ ಹೋಗ್ತದೆ, ಮಳೆಗಾಲದಲ್ಲಿ ಘಟ್ಟದ ರಸ್ತೆ ಕುಸಿದ್ರೆ ಮುಗೀತು. ಇದನ್ನ ಮಾಡಲಿಕ್ಕೆ ಎಂಎಸ್‌ಡಬ್ಲ್ಯೂ ಆದವನು ಯಾಕೆ ಬರ್ಬೇಕು ಅನ್ನೋದು ಸರಿಯಾದ ಪ್ರಶ್ನೆಯೇ, ಮತ್ತೆ ಅದನ್ನ ಕೇಳಬೇಕಾದ್ದು ನನ್ನ ಹತ್ರ ಅಲ್ಲ, ಬಜೆಟ್ ಮಾಡೋರ ಹತ್ರ.

ಆದರೆ ಜೆರಾಕ್ಸ್ ಬಗ್ಗೆ ಮಾತ್ರ ನಿಮ್ಮ ಕೈಲಿ ಮಾಡೋದು ಉಂಟು. ಆ ಆಫೀಸಲ್ಲಿರೋ ಹಿರಿಯ ಅಕ್ಕನೋ ಅಣ್ಣನೋ ಮನೆ ಭೇಟಿಗೆ ಹೊರಟಾಗ ನಾನೂ ಬರ್ತೇನೆ ಅಂತ ಹೊರಡಿ, ಒಂದು ಸಾಮಾಜಿಕ ತನಿಖಾ ವರದಿ ಹೆಂಗೆ ತಯಾರಾಗ್ತದೆ ಅಂತ ಬುಡದಿಂದ ನೋಡಿ. ಈ ಕೆಲಸದ ಜೀವ ಇರೋದೇ ಅದರಲ್ಲಿ. ಬಾಲನ್ಯಾಯ ಕಾಯ್ದೆ 2015ರ ಪ್ರಕಾರ ಪೋಷಣೆ ರಕ್ಷಣೆ ಬೇಕಾದ ಮಗು ಸಿಕ್ಕಿದ್ರೆ, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರು ಮಾಡ್ಬೇಕು, ಸಮಿತಿ ವಿಚಾರಣೆಗೆ ಹಾಕಿದ್ರೆ ಸಾಮಾಜಿಕ ತನಿಖೆ 15 ದಿನದೊಳಗೆ ಮುಗೀಬೇಕು. ಅದಕ್ಕೆ ನಮೂನೆ 22 ಅಂತ ಇದೆ. ಮನೆ ಎಂಥದ್ದು, ಯಾರ್ಯಾರಿದಾರೆ, ಆದಾಯ ಎಷ್ಟು, ಮಗು ಶಾಲೆ ಯಾಕೆ ಬಿಟ್ತು, ಮನೆಯವರ ಸಂಬಂಧ ಹೆಂಗಿದೆ, ಎಲ್ಲ ಅದರಲ್ಲಿ ಬರೀಬೇಕು.

ಈಗ ಶಾಲೆ ಬಿಟ್ಟ ಕಾರಣ ಅನ್ನೋ ಒಂದೇ ಕಾಲಂ ತಗೊಳ್ಳಿ. ತರಬೇತಿ ಇಲ್ದವರು ಅಲ್ಲಿ ಬರೆಯೋದು ಒಂದೇ, "ಬಡತನ". ಮುಗೀತು. ಕಲಿತವರು ಹೋದ್ರೆ ಕೂತು ಕೇಳ್ತಾರೆ, ಆಗ ಬೇರೆಯೇ ಹೊರಗೆ ಬರ್ತದೆ. ತಾಯಿ ಬೆಳಿಗ್ಗೆ ಬೆಳಕು ಹರಿಯೋ ಮೊದಲೇ ಮೀನು ಬುಟ್ಟಿ ಹಿಡ್ಕೊಂಡು ಮಾರ್ಕೆಟಿಗೆ ಹೋಗ್ತಾಳೆ, ತಂದೆ ಬೋಟಿಗೆ ಹೋದ್ರೆ ವಾರಗಟ್ಟಲೆ ಬರೋದಿಲ್ಲ, ಮನೇಲಿ ಒಂದೂವರೆ ವರ್ಷದ ತಮ್ಮ, ಅವನನ್ನ ನೋಡ್ಕೊಳ್ಳಲಿಕ್ಕೆ ಏಳನೇ ಕ್ಲಾಸಿನ ಹುಡುಗಿ ಮನೇಲಿ ಉಳಿದಳು, ಮೊದಲು ವಾರಕ್ಕೊಂದಿನ, ಆಮೇಲೆ ಮೂರು ದಿನ, ಆಮೇಲೆ ಹೋಗಲಿಕ್ಕೆ ನಾಚಿಕೆ ಆಯ್ತು. ಇದು ನಾನು ಉದಾಹರಣೆಗೆ ಹೇಳಿದ್ದು, ಯಾರ ಮನೆ ಕಥೆಯೂ ಅಲ್ಲ, ಆದರೆ ಬೈತಖೋಲದಿಂದ ತದಡಿವರೆಗೆ ಬಂದರಿನ ಕೇರಿ ನೋಡಿದ ಯಾರಿಗಾದ್ರೂ ಇದು ಹೊಸದಲ್ಲ. "ಬಡತನ" ಅಂತ ಬರೆದ್ರೆ ಓದಿದವರಿಗೆ ಹೊಳೆಯೋ ದಾರಿ ಬಾಲಮಂದಿರ. ಎರಡನೇದು ಬರೆದ್ರೆ ಹೊಳೆಯೋದು ಅಂಗನವಾಡಿಯವರ ಹತ್ರ ಮಾತಾಡಿ ತಮ್ಮನಿಗೆ ಒಂದು ವ್ಯವಸ್ಥೆ, ತಾಯಿಗೆ ಪ್ರಾಯೋಜಕತ್ವದ ಅರ್ಜಿ, ಹುಡುಗಿಗೆ ಹೆಡ್‌ಮಾಸ್ಟರ್ ಹತ್ರ ಒಂದು ಮಾತು. ವಾತ್ಸಲ್ಯದಲ್ಲಿ ಪ್ರಾಯೋಜಕತ್ವ ಅಂತ ಮಗುವಿಗೆ ತಿಂಗಳಿಗೆ 4,000 ಕೊಡ್ಲಿಕ್ಕೆ ಅವಕಾಶ ಇದೆ. ಎಲ್ಲರಿಗೂ ಅಲ್ಲ, ವಿಧವೆ ತಾಯಿ, ತೀವ್ರ ಕಾಯಿಲೆ ಇಂಥ ಷರತ್ತು ಉಂಟು, ಹಳ್ಳಿಯಲ್ಲಾದ್ರೆ ಕುಟುಂಬದ ವರ್ಷದ ಆದಾಯ 72,000 ದಾಟಬಾರ್ದು, ಉಳಿದ ಕಡೆ 96,000. ಅದರಲ್ಲಿ ಈ ಮನೆ ಕೂತ್ಕೊಳ್ತದಾ ಇಲ್ವಾ ಅಂತ ಹೇಳಬೇಕಾದ್ದೂ ಅದೇ ವರದಿ. ಮಗುವನ್ನ ಸಂಸ್ಥೆಗೆ ಹಾಕೋದು ಕೊನೆಯ ದಾರಿ ಅಂತ ಕಾಯ್ದೆಯೇ ಹೇಳ್ತದೆ, ಆದರೆ ಕಾಯ್ದೆ ನಡೆಯೋದು ಆ ಒಂದು ಕಾಲಂ ಯಾರು ತುಂಬಿದ್ರು ಅನ್ನೋದರ ಮೇಲೆ.

ಇದನ್ನ ಬರೇಲಿಕ್ಕೆ ಕಲಿತ್ರೆ ನಿಮ್ಮ ಎರಡು ವರ್ಷ ಹಾಳಾಗೋದಿಲ್ಲ, ಕೆಲಸ ಈ ಇಲಾಖೆಯಲ್ಲಿ ಸಿಕ್ಕಿದ್ರೂ ಸೈ, ಬೇರೆ ಕಡೆ ಹೋದ್ರೂ ಸೈ. ಜೊತೆಗೆ ಇನ್ನೆರಡು ನೋಡಿಟ್ಕೊಳ್ಳಿ. ನಿಮ್ಹಾನ್ಸ್‌ನಲ್ಲಿ ಸಂವಾದ್ ಅಂತ ಕೇಂದ್ರ ಸರ್ಕಾರದ ನೆರವಿಂದ 2020ರಲ್ಲಿ ಶುರುವಾದ ಘಟಕ ಇದೆ, ಕಷ್ಟದಲ್ಲಿರೋ ಮಕ್ಕಳ ಮನಸ್ಸಿನ ಆರೋಗ್ಯ, ಅವರ ಹತ್ರ ಹೆಂಗೆ ಮಾತಾಡೋದು ಅಂತ ತರಬೇತಿ ಕೊಡ್ತಾರೆ. ನಿಪ್ಸಿಡ್ ಅಂತಲೇ ಎಲ್ಲರಿಗೂ ಗೊತ್ತಿರೋ, 1966ರಲ್ಲಿ ಶುರುವಾದ ಕೇಂದ್ರದ ಸಂಸ್ಥೆಗೆ ಬೆಂಗಳೂರಲ್ಲಿ ಪ್ರಾದೇಶಿಕ ಕೇಂದ್ರ ಇದೆ, ಬ್ಲಾಕ್ ಪ್ಲೇಸ್‌ಮೆಂಟಿಗೆ (ಒಂದೇ ಕಡೆ ಸತತವಾಗಿ ಇದ್ದು ಮಾಡೋ ಫೀಲ್ಡ್ ವರ್ಕಿಗೆ) ನಿಮ್ಮ ಡಿಪಾರ್ಟ್‌ಮೆಂಟಿಂದ ಪತ್ರ ಹಾಕಿಸಿ ಕೇಳಿ. ಕಾನೂನಿನ ಕಡೆ ಒಲವಿದ್ರೆ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್‌ನವರ ಮಕ್ಕಳ ಹಕ್ಕು ಕಾನೂನಿನ ಪಿಜಿ ಡಿಪ್ಲೊಮಾ ದೂರಶಿಕ್ಷಣದಲ್ಲಿ ಮಾಡಬಹುದು.

ಮತ್ತೆ ಆ ಬಸ್ ಚಾರ್ಜು. ನಿಮ್ಮ ಕಾಲೇಜಿನ ಐಡಿ ಮೇಲೆ ವಾಯವ್ಯ ಸಾರಿಗೆಯ ಸ್ಟೂಡೆಂಟ್ ಪಾಸ್ ಮನೆಯಿಂದ ಕಾಲೇಜಿಗೆ ಮಾತ್ರ ಮಾಡಿಸಿರ್ತೀರಿ. ಫೀಲ್ಡ್ ವರ್ಕಿನ ಜಾಗ ಬೇರೆ ಕಡೆ ಇದ್ರೆ ಅದನ್ನೂ ಸೇರಿಸಲಿಕ್ಕಾಗ್ತದಾ ಅಂತ ಪ್ರಿನ್ಸಿಪಾಲರ ಪತ್ರ ಹಿಡ್ಕೊಂಡು ಡಿಪೋದಲ್ಲಿ ಕೇಳಿ. ಸಣ್ಣ ವಿಷಯ, ಆದರೆ ಎರಡು ವರ್ಷದ ಲೆಕ್ಕ ಹಾಕಿ ನೋಡಿ.

ಪ್ರಶ್ನೆ: ನಾನು ಕುಮಟಾ ಕಡೆ ಒಂದು ಕಾಲೇಜಲ್ಲಿ ಸಮಾಜಕಾರ್ಯ ಪಾಠ ಮಾಡ್ತೇನೆ. ಅಮೆರಿಕದ ಆ 75:25 ಲೆಕ್ಕದ ಬಗ್ಗೆ ಓದಿದೆ. ನಮ್ಮ ರಾಜ್ಯದಲ್ಲೂ ಹಂಗೆ ಮಾಡಿ ಅಂತ ಮನವಿ ಕೊಡೋಣ ಅಂತ ಸ್ನೇಹಿತರು ಸೇರಿ ಮಾತಾಡ್ತಿದ್ದೇವೆ. ನಿಮ್ಮ ಅಭಿಪ್ರಾಯ?

ಉತ್ತರ: ಮನವಿ ಕೊಡಿ, ಆದರೆ ಅಲ್ಲಿಂದ ಎತ್ತಿ ಇಲ್ಲಿ ಇಡೋ ಮೊದಲು ಅಲ್ಲಿ ಎಲ್ಲಿ ಸೋರ್ತದೆ ಅಂತ ತಿಳ್ಕೊಂಡಿರಿ ಮೇಷ್ಟ್ರೇ.

75 ಅನ್ನೋದು ಕಾಗದದ ಮೇಲಿನ ಲೆಕ್ಕ. ಬೇರೆ ಕುಟುಂಬದಲ್ಲಿಟ್ಟು ಸಾಕೋ ಮಕ್ಕಳ ಬಾಬ್ತಿನಲ್ಲಿ ಟೈಟಲ್ ಫೋರ್-ಇ ದುಡ್ಡು ಸಿಗೋದು ಬಡ ಕುಟುಂಬದಿಂದ ಬಂದ ಮಗುವಿನ ಲೆಕ್ಕಕ್ಕೆ ಮಾತ್ರ, ಮತ್ತೆ ಬಡವರು ಯಾರು ಅಂತ ಅಳೆಯೋ ಆದಾಯದ ಗೆರೆ 1996ರ ಜುಲೈನಲ್ಲಿ ಇದ್ದ ಹಳೇ ಸ್ಕೀಮಿನದ್ದು, ಅವತ್ತಿಂದ ಅದನ್ನ ಏರಿಸಿಯೇ ಇಲ್ಲ. ಬೆಲೆ ಏರ್ತಾ ಹೋಯ್ತು, ಗೆರೆ ಅಲ್ಲೇ ನಿಂತ್ತು, ಅದರೊಳಗೆ ಬರೋ ಮಕ್ಕಳ ಪ್ರಮಾಣ ವರ್ಷ ವರ್ಷ ಇಳೀತಾ ಬಂತು. ವಿದ್ಯಾರ್ಥಿಗಳ ತರಬೇತಿ ಖರ್ಚನ್ನೂ ಸಾಮಾನ್ಯವಾಗಿ ಇದೇ ಪ್ರಮಾಣದಿಂದ ಗುಣಿಸ್ತಾರೆ. ಅರ್ಧ ಮಕ್ಕಳು ಮಾತ್ರ ಗೆರೆಯೊಳಗೆ ಬಂದ್ರು ಅಂತಿಟ್ಕೊಳ್ಳಿ, 75 ಇದ್ದದ್ದು ಕೈಗೆ ಬರೋ ಹೊತ್ತಿಗೆ 37 ಚಿಲ್ಲರೆ. ಉಳಿದದ್ದು ರಾಜ್ಯದ, ಯೂನಿವರ್ಸಿಟಿಯ ತಲೆ ಮೇಲೆ.

ಹಂಗಾದ್ರೆ ಕಾಲೇಜುಗಳು ಹೆಂಗೆ ನಡೆಸ್ತಾವೆ? ಇದು ನೀವು ಗಮನಿಸಬೇಕಾದ ಕೀಲಿ. ಸರ್ಕಾರಿ ಯೂನಿವರ್ಸಿಟಿಯಾದ್ರೆ ಅಲ್ಲಿ ಆಗಲೇ ಕೊಡ್ತಿರೋ ಮೇಷ್ಟ್ರ ಸಂಬಳ, ಕಟ್ಟಡದ ಖರ್ಚು ಇವನ್ನೇ ರಾಜ್ಯದ ಪಾಲು ಅಂತ ತೋರಿಸಬಹುದು, ಹೊಸ ದುಡ್ಡು ತಂದು ಹಾಕೋದು ಬೇಕಾಗೋದಿಲ್ಲ. ಖಾಸಗಿ ಕಾಲೇಜಿಗೆ ಈ ಅನುಕೂಲ ಸುಲಭಕ್ಕೆ ಸಿಗೋದಿಲ್ಲ. ನಮ್ಮಲ್ಲೂ ಧಾರವಾಡದಂಥ ಯೂನಿವರ್ಸಿಟಿಗಳಲ್ಲಿ ಮೇಷ್ಟ್ರ ಸಂಬಳ ರಾಜ್ಯವೇ ಕೊಡ್ತದೆ. ಅದನ್ನೇ ಪಾಲು ಅಂತ ಹಿಡಿದು, ವಾತ್ಸಲ್ಯದ ತರಬೇತಿ ಬಾಬ್ತಿನಲ್ಲಿ ಸಣ್ಣ ಭಾಗವನ್ನ ಎರಡನೇ ವರ್ಷದ ವಿದ್ಯಾರ್ಥಿಗಳ ಫೀಲ್ಡ್ ವರ್ಕ್ ಸ್ಟೈಪೆಂಡಿಗೆ ಇಡಿ ಅಂತ ಕೇಳಿದ್ರೆ ಫೈನಾನ್ಸ್‌ನವರು ಒಡನೆ ಬಾಗಿಲು ಹಾಕೋದಿಲ್ಲ ಅಂತ ನನ್ನೆಣಿಕೆ. ಹೊಸ ಸ್ಕೀಮು ಅಂತ ಹೋದ್ರೆ ಮಾತ್ರ ಕಡತ ಟೇಬಲ್ ಮೇಲೇ ಹಣ್ಣಾಗ್ತದೆ.

ಇನ್ನೊಂದು, ಬಾಂಡ್. ನಿಮ್ಮ ಸ್ನೇಹಿತರು ಮನವಿಯಲ್ಲಿ ಮೂರು ವರ್ಷ ಕಡ್ಡಾಯ ಸೇವೆ ಅಂತೆಲ್ಲ ಬರೀಲಿಕ್ಕೆ ಹೊರಟಿದ್ರೆ ತಡೀರಿ. ಬಾಂಡ್ ಹಾಕ್ಬೇಕಂದ್ರೆ ಆ ಕಡೆ ಹುದ್ದೆ ಇರಬೇಕಲ್ಲ? ಓದಿಸಿ ಕಟ್ಟಿಹಾಕಿ ಆಮೇಲೆ ವರ್ಷ ವರ್ಷ ರಿನ್ಯೂವಲ್ ಆಗೋ ಕಾಂಟ್ರ್ಯಾಕ್ಟಿಗೆ, ಸಂಬಳ ಎರಡು ಮೂರು ತಿಂಗಳು ತಡ ಆಗೋ ಕೆಲಸಕ್ಕೆ ಹಾಕಿದ್ರೆ ಹುಡುಗರು ಬಾಂಡ್ ದುಡ್ಡು ಕಟ್ಟಿಯಾದ್ರೂ ಓಡ್ತಾರೆ. ಅಮೆರಿಕದಲ್ಲೂ ಬಾಂಡ್ ಇರೋವರೆಗೆ ಉಳೀತಾರೆ, ಅದು ಮುಗಿದ ಮೇಲೆ ಉಳಿಯೋದು ಬಿಡೋದು ಒಬ್ಬರ ತಲೆ ಮೇಲೆ ಎಷ್ಟು ಕೇಸು, ಮೇಲಿನ ಸೂಪರ್‌ವೈಸರ್ ಹೆಂಗಿದಾರೆ ಅನ್ನೋದರ ಮೇಲೆ. ಹಾಗಾಗಿ ನನ್ನ ಮಟ್ಟಿಗೆ ಮನವಿಯ ಮೊದಲ ಸಾಲು ಸ್ಟೈಪೆಂಡ್ ಅಲ್ಲ, ಹುದ್ದೆ ಕಾಯಂ ಮಾಡಿ, ಇಲ್ಲಾಂದ್ರೆ ಕನಿಷ್ಠ ಮೂರು ವರ್ಷದ ಒಪ್ಪಂದವಾದ್ರೂ ಮಾಡಿ ಅಂತ ಇರಬೇಕು. ಸ್ಟೈಪೆಂಡ್ ಎರಡನೇದು. ಇದಕ್ಕೆ ನಿಮ್ಮ ಸ್ನೇಹಿತರು ಒಪ್ಪೋದಿಲ್ಲ ಅಂತ ಗೊತ್ತು, ಕಾಲೇಜಿಗೆ ದುಡ್ಡು ಬರೋದು ಎರಡನೇದರಿಂದಲ್ವಾ.

ಮನವಿ ಯಾರಿಗೆ ಅಂದ್ರೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಮಕ್ಕಳ ರಕ್ಷಣಾ ನಿರ್ದೇಶನಾಲಯಕ್ಕೆ ಒಂದು, ಉನ್ನತ ಶಿಕ್ಷಣಕ್ಕೆ ಒಂದು. ರಾಜ್ಯದ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೂ ಪ್ರತಿ ಹಾಕಿ, ಅವರು ದುಡ್ಡು ಕೊಡೋರಲ್ಲ, ಆದರೆ ಶಿಫಾರಸು ಬರೆದ್ರೆ ಕಡತಕ್ಕೆ ತೂಕ ಬರ್ತದೆ.

ಪ್ರಶ್ನೆ: ಹೊನ್ನಾವರದಿಂದ. ತಮ್ಮ ಅಮೆರಿಕಕ್ಕೆ ಎಂಎಸ್‌ಡಬ್ಲ್ಯೂ ಮಾಡಲಿಕ್ಕೆ ಹೊರಟಿದಾನೆ, ಸ್ಟೂಡೆಂಟ್ ವೀಸಾ. ಅವನಿಗೆ ಈ ಟೈಟಲ್ ಫೋರ್-ಇ ಸ್ಟೈಪೆಂಡ್ ಸಿಗ್ತದೆ, ಲೋನ್ ಕಮ್ಮಿ ಸಾಕು ಅಂತ ಏಜೆಂಟ್ ಹೇಳ್ತಿದಾನೆ. ನಂಬಬಹುದಾ?

ಉತ್ತರ: ನಂಬಬೇಡಿ. ಓದಿದ ಮೇಲೆ ಅಲ್ಲಿನ ಸರ್ಕಾರಿ ಇಲಾಖೆಯಲ್ಲಿ ವರ್ಷಗಟ್ಟಲೆ ದುಡಿಯೋದು ಈ ಸ್ಟೈಪೆಂಡಿನ ಷರತ್ತು, ಅದಕ್ಕೆ ಕಾಯಂ ಕೆಲಸದ ಪರ್ಮಿಟ್ ಬೇಕು. ಸ್ಟೂಡೆಂಟ್ ವೀಸಾದವರಿಗೆ ಅದು ಇರೋದಿಲ್ಲ, ಹಾಗಾಗಿ ಹೆಚ್ಚಿನ ಕಡೆ ಸಿಟಿಜನ್ ಅಥವಾ ಗ್ರೀನ್‌ಕಾರ್ಡ್ ಇದ್ದವರನ್ನೇ ತಗೊಳ್ತಾರೆ. ಸ್ಟೈಪೆಂಡ್ ಬರ್ತದೆ ಅನ್ನೋ ಲೆಕ್ಕ ಇಟ್ಕೊಂಡು ಲೋನ್ ಕಮ್ಮಿ ಮಾಡಬೇಡಿ, ಅರ್ಧಕ್ಕೆ ಕೈ ಖಾಲಿಯಾಗ್ತದೆ. ತಮ್ಮನಿಗೆ ಹೇಳಿ, ಸೇರ್ತಿರೋ ಯೂನಿವರ್ಸಿಟಿಯ ಸೋಶಿಯಲ್ ವರ್ಕ್ ವಿಭಾಗಕ್ಕೆ ಅವನೇ ಮೇಲ್ ಹಾಕಿ ಕೇಳಲಿ, ವಿದೇಶಿ ವಿದ್ಯಾರ್ಥಿಗಳಿಗೆ ಅಸಿಸ್ಟೆಂಟ್‌ಶಿಪ್ (ಓದ್ತಾ ಯೂನಿವರ್ಸಿಟಿಯಲ್ಲೇ ಮಾಡೋ ಸಂಬಳದ ಕೆಲಸ) ಇದೆಯಾ, ಇದ್ರೆ ಎಷ್ಟು ಅಂತ. ಉತ್ತರ ಕೈಗೆ ಬಂದ ಮೇಲೇ ಏಜೆಂಟಿಗೆ ದುಡ್ಡು ಕೊಡೋ ಮಾತು.